ಖಾಯಂ ವಿಳಾಸ

ಕೂಲರಿನ ಹುಲ್ಲಿನಿಂದ ತಣ್ಣನೆಯ ಹನಿಯೊಂದು ಹಾರಿ ರಾಗಿಣಿಯ ಕುತ್ತಿಗೆಗೆ ಬಿತ್ತು, ಒಂದು ಕ್ಷಣ ಹಾಯೆನಿಸಿತು, ಆಮೇಲೆ ಮತ್ತೆ ನಾಗಪುರದ ಪಕ್ಕದ ಅದೇ ಕಾಮಠಿಯ ಏಪ್ರಿಲ್, ಸೈನಿಕರ ಮಕ್ಕಳ ಶಾಲೆಯ ಅದೇ ಸ್ಟಾಫ್ ರೂಮು, ಫೋನಿನಲ್ಲಿ ಅದೇ ಎರಡು ಪತ್ರ — ಒಂದು ಲಂಡನ್ನಿನದು, ಒಂದು ಫಿನ್ಲೆಂಡಿನದು, ಎರಡೂ ಅಂತರರಾಷ್ಟ್ರೀಯ ಶಿಕ್ಷಣದ ಎಂ.ಎ.ಗೆ ಸೀಟು ಕೊಟ್ಟದ್ದು, ಎರಡಕ್ಕೂ ಇವತ್ತೇ ಕಡೆಯ ದಿನ, ಮೂರು ವಾರ ಅಡ್ಡಗೋಡೆಯ ಮೇಲೆ ದೀಪ ಇಟ್ಟುಕೊಂಡು ಕೂತದ್ದು ಸಾಕು, ಊಟದ ಗಂಟೆ ಮುಗಿಯುವುದರೊಳಗೆ ಒಂದಕ್ಕೆ ಹೂಂ ಅನ್ನಲೇಬೇಕು, ಅಪ್ಪನಿಗಂತೂ ಅನುಮಾನವೇ ಇಲ್ಲ, ನಿವೃತ್ತ ಸುಬೇದಾರ್ ಲಕ್ಷ್ಮೀಕಾಂತನಿಗೆ ಅನುಮಾನ ಯಾವಾಗ ಬಂದಿತ್ತು, ಲಂಡನ್ನಿಂದು ಒಂದ ವರ್ಷ, ದೊಡ್ಡ ಹೆಸರೈತಿ, ಜಲ್ದಿ ಮುಗಿಸ್ಕೊಂಡು ಬಾ, ಪ್ರಿನ್ಸಿಪಾಲ್ ಆಗು, ಆ ಹಿಮದಾಗ ಎರಡ ವರ್ಷ ಏನ್ ಮಾಡ್ತೀಯವ್ವಾ — ಅಪ್ಪನ ಮಾತು ಸುಳ್ಳಲ್ಲ, ಆದರೆ ಎರಡೂ ಅರ್ಜಿಯಲ್ಲಿ ಖಾಯಂ ವಿಳಾಸ ಎಂದಿದ್ದಲ್ಲಿ ಕೈ ತಾನಾಗಿ ಬರೆದುಬಿಟ್ಟಿತ್ತಲ್ಲ, ಕೇರ್ ಆಫ್ ಐವತ್ತಾರು ಎಪಿಓ, ಸೈನ್ಯದ ಅಂಚೆಯ ವಿಳಾಸ, ಅಪ್ಪ ಅಂಬಾಲಾದಲ್ಲಿದ್ದರೂ ಅದೇ, ತೇಜಪುರದಲ್ಲಿದ್ದರೂ ಅದೇ, ನಿವೃತ್ತಿಯಾಗಿ ನಾಲ್ಕು ವರ್ಷವಾದ ಮೇಲೂ ಅದನ್ನೇ ಬರೆಯುವ ಎಡವಟ್ಟು ಫೌಜಿ ಮಕ್ಕಳಲ್ಲದೆ ಇನ್ಯಾರು ಮಾಡಬೇಕು, ಲಂಡನ್ನಿನವರು ಅದನ್ನು ಕೇಳಲೇ ಇಲ್ಲ, ಫಿನ್ಲೆಂಡಿನ ಆಫೀಸಿನ ಹೆಂಗಸು ಮಾತ್ರ ಬರೆದಳು, ಈ ಊರು ನಮಗೆ ನಕಾಶೆಯಲ್ಲಿ ಸಿಗುತ್ತಿಲ್ಲ, ಎಲ್ಲಿದೆ? ಮೊದಲು ನಗು ಬಂತು, ಆಮೇಲೆ ತನ್ನ ಕೈಯಿಂದಲೇ ಒಂದೂವರೆ ಪುಟ ಉತ್ತರ ಬಂತು, ಏಳು ಶಾಲೆ, ಏಳು ಟಿ.ಸಿ., ಗೆಳತಿಯರ ಮನೆಯ ದಾರಿ ಗೊತ್ತಾಗುವಷ್ಟರಲ್ಲಿ ಮತ್ತೆ ಟ್ರಂಕು, ಮತ್ತೆ ಟ್ರೇನು, ಆ ಹೆಂಗಸಿನ ಮರುಪತ್ರ ಎರಡೇ ಸಾಲು, ಇದನ್ನೇ ಓದಲು ಬನ್ನಿ, ಎರಡನೆಯ ವರ್ಷವಿಡೀ ಊರು ಬಿಟ್ಟು ಬಂದ ಮಕ್ಕಳ ತರಗತಿಯಲ್ಲೇ ನಿಮ್ಮ ಕೆಲಸ.

ಊರು ಬಿಟ್ಟು ಬಂದ ಮಕ್ಕಳು — ಅದಕ್ಕೆ ಫಿನ್ಲೆಂಡೇ ಯಾಕೆ, ಇಲ್ಲೇ ಮೂರನೇ ಕ್ಲಾಸಿನಲ್ಲಿ ಯಶಿಕಾ ಇದ್ದಾಳೆ, ಜನವರಿಯಲ್ಲಿ ಅಪ್ಪನ ಪೋಸ್ಟಿಂಗಿನ ಜೊತೆ ಅಸ್ಸಾಮಿನಿಂದ ಬಂದವಳು, ದಿನವಿಡೀ ಬೆನ್ನಿನ ಚೀಲ ಇಳಿಸದೆ ಕೂರುವವಳು, ತೆಗಿ ಪುಟ್ಟಾ ಅಂದರೆ ಬೇಡ ಮಿಸ್, ಮತ್ತೆ ಹೋಗ್ಬೇಕಲ್ಲ, ಹೆಗಲಿಗೆ ಕಚ್ಚಿಕೊಂಡ ಆ ಎರಡು ನೀಲಿ ಪಟ್ಟಿ, ಅದಕ್ಕೇನು ಮಾಡಬೇಕೆಂದು ಬಿ.ಎಡ್.ನಲ್ಲಿ ಯಾರೂ ಕಲಿಸಿರಲಿಲ್ಲ, ಪಕ್ಕದಲ್ಲಿ ಕೂತು, ಕಾದು, ಒಂದು ಪಟ್ಟಿ ಜಾರಲಿಕ್ಕೇ ಮೂರು ತಿಂಗಳು ಹಿಡಿಯಿತು, ಅದೂ ಬರೀ ಅಂದಾಜಿನಲ್ಲಿ ಮಾಡಿದ್ದು, ಈ ಕೆಲಸ ಸರಿಯಾಗಿ ಕಲಿಯಬೇಕು, ಎರಡು ವರ್ಷವಾದರೆ ಎರಡು ವರ್ಷ, ದೊಡ್ಡ ಹೆಸರು ಕಟ್ಟಿಕೊಂಡು ಏನಾಗಬೇಕಿದೆ, ಅಪ್ಪ ಎರಡು ದಿನ ಮಾತು ಬಿಟ್ಟಾನು, ಮೂರನೆಯ ದಿನ ತಾನೇ ಕೂತು ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಮಗಳ ಹೆಸರು ಬರೆದಾನು — ಒತ್ತಿದಳು, ಫಿನ್ಲೆಂಡ್, ಹೂಂ, ಆಯಿತು, ಎಷ್ಟು ಸಲೀಸು, ಎದೆ ಹಗುರಾಯಿತು, ಪಕ್ಕದ ವಾಸಂತಿ ಮೇಡಂ ಇಣುಕಿ ನೋಡಿ ಕೂಗಿಯೇಬಿಟ್ಟರು, ಚಲೋ ಆತು ಬಿಡ್ರಿ, ಆಗಸ್ಟಿಗೆ ಹೊರಡೂದು ಬರೋಬರ್ ಅಲ್ಲ? ಹೌದ್ರೀ ಎಂದು ನಗುತ್ತಾ ತಿರುಗಿದರೆ ಬಾಗಿಲಲ್ಲಿ ನೋಟ್‌ಬುಕ್ ಹಿಡಿದ ಯಶಿಕಾ, ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಮಿಸ್, ನಿಮ್ಗೂ ಪೋಸ್ಟಿಂಗ್ ಬಂತಾ? ಹೇಳಬೇಕು, ವಾಪಸ್ ಬರ್ತೀನಿ ಅನ್ನಬೇಕು, ಪ್ರತಿ ಊರಿನ ಪ್ರತಿ ಗೆಳತಿಗೂ ತಾನು ಅದನ್ನೇ ಅಂದದ್ದು, ಒಂದೂರಿಗೂ ಹೋಗಲಿಲ್ಲ, ಆದರೂ ಹೇಳಬೇಕು, ಹೇಳಿದ ಮಾತು ಉಳಿಸಿಕೊಳ್ಳಲೂಬೇಕು, ಆ ಪುಟ್ಟ ಕೈ, ಜಾರಿದ್ದ ಆ ನೀಲಿ ಪಟ್ಟಿ, ಪಟ್ಟಿ ಮೆಲ್ಲನೆ ಮತ್ತೆ ಹೆಗಲಿಗೆ ಏರುತ್ತಿದೆ.