ಅತ್ತೆಯ ಟರ್ಕಿ, ಅಳಿಯನ ಟ್ಯಾಂಕು

ಟ್ರೈಲರ್ ಕೊಂಡ ದಿನದಿಂದ ರೊಹೇಲಿಯೊನಿಗೆ ಪೆಟ್ರೋಲ್ ಹಂಚುವ ಚಟ ಅಂಟಿಕೊಂಡಿತ್ತು. ಅದೇನು ಸಾಮಾನ್ಯ ಟ್ರೈಲರೇ! ಮುಂದೆ ಅಡುಗೆಮನೆ, ಮಂಚ. ಹಿಂದೆ ಮರಳುದಿಬ್ಬಗಳ ಮೇಲೆ ಓಡಿಸುವ ಗಾಡಿ ನಿಲ್ಲಿಸುವ ಕೊಟ್ಟಿಗೆ. ಹೊಟ್ಟೆಯಡಿ ಪೆಟ್ರೋಲ್ ಟ್ಯಾಂಕು, ಪಕ್ಕದಲ್ಲಿ ಬಂಕಿನಲ್ಲಿರುವಂಥದೇ ಪಂಪು. ದೀಪ, ಫ್ಯಾನು ನಡೆಸುವ ಜನರೇಟರಿಗೂ ಅದೇ ಟ್ಯಾಂಕೇ ಗತಿ.

ಅವನ ಅತ್ತೆ ಎವ್ಲಾಲಿಯಾಗೆ ಆ ಟ್ರೈಲರ್ ಕಂಡರೆ ಮೈಯೆಲ್ಲ ಉರಿ. ಅದನ್ನು ಮಾರಿ, ಮನೆಗೊಂದು ಕೋಣೆ ಕಟ್ಟಿಸು ಎಂದು ವರ್ಷದಿಂದ ತಲೆ ತಿನ್ನುತ್ತಿದ್ದಳು. ಕೊನೆಗೆ ಪಂತವಾಯಿತು: ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮರಳುದಿಬ್ಬದಲ್ಲೇ, ಇದೇ ಟ್ರೈಲರಿನಲ್ಲಿ, ಅವಳ ಟರ್ಕಿ ಕೋಳಿ ಸರಿಯಾಗಿ ಬೆಂದರೆ ಅವಳು ಇನ್ನು ತುಟಿ ಪಿಟಕ್ಕೆನ್ನುವುದಿಲ್ಲ. ಬೇಯದಿದ್ದರೆ ಟ್ರೈಲರ್ ಮಾರಾಟ.

ಹಬ್ಬದ ದಿನ ಕೆಂಪು ಮೆಣಸಿನ ಮಸಾಲೆ ಮೆತ್ತಿದ ಟರ್ಕಿ ಕರೆಂಟ್ ಒಲೆ ಸೇರಿತು. ಜನರೇಟರ್ ಗುರ್ರೆನ್ನುತ್ತಿತ್ತು. ರೊಹೇಲಿಯೊ ಪೈಪು ಹಿಡಿದು ಹೊರಗೆ ನಿಂತಿದ್ದ.

"ಬಾರಪ್ಪಾ, ಹಾಕ್ಕೊಂಡು ಹೋಗು! ನಮ್ಮ ಟ್ಯಾಂಕೇನು ಬತ್ತೋದಲ್ಲ!"

ಅಕ್ಕಪಕ್ಕದ ಡೇರೆಗಳ ಗಾಡಿಗಳೆಲ್ಲ ಕುಡಿದು ದಿಬ್ಬದಾಚೆ ಮಾಯವಾದವು. ಅವನ ಹೆಂಡತಿ ಮರಿತ್ಸಾ ಕೂಡ ತಮ್ಮ ಗಾಡಿ ಹತ್ತಿ ಅವರ ಹಿಂದೆ ಹೋದಳು. ಆಮೇಲೆ ಜನರೇಟರ್ ಎರಡು ಸಲ ಕೆಮ್ಮಿ ಸುಮ್ಮನಾಯಿತು. ಒಲೆಯ ದೀಪವೂ ಆರಿತು.

ಮುಳ್ಳು ನೋಡಿದರೆ ಟ್ಯಾಂಕಿನಲ್ಲಿ ಇನ್ನೂ ಕಾಲುಭಾಗ ಇದೆ! ರೊಹೇಲಿಯೊ ಪ್ಲಗ್ಗು ಬಿಚ್ಚಿ ಉಜ್ಜಿದ, ಗುದ್ದಿದ, ಬೇಡಿಕೊಂಡ. ಆಗ ಟ್ರೈಲರ್ ಮಾರಿದವನು ಹೇಳಿದ್ದು ನೆನಪಾಯಿತು. ಗಾಡಿ ತುಂಬಿಸುವ ಕೊಳವೆ ಟ್ಯಾಂಕಿನ ತಳ ಮುಟ್ಟುತ್ತೆ, ಜನರೇಟರಿನದು ಹಿಂಭಾಗದಲ್ಲಿ, ತಳದಿಂದ ಕಾಲುಭಾಗ ಮೇಲೆಯೇ ನಿಂತಿರುತ್ತೆ ಅಂದಿದ್ದ. ಅವನು ಅದನ್ನು ವಿವರಿಸುವಾಗ ಇವನು ಟಿ.ವಿ. ದೊಡ್ಡದಿದೆಯಾ ಅಂತ ನೋಡುತ್ತಿದ್ದ.

"ಅಷ್ಟೇನಾ! ಐದು ಗ್ಯಾಲನ್ ಸುರಿದರೆ ಮಟ್ಟ ಏರುತ್ತೆ," ಎಂದು ಕ್ಯಾನು ತಂದ. ಟ್ರೈಲರ್ ಎಳೆದು ತಂದ ಟ್ರಕ್ಕಿನಿಂದ ತೆಗೆಯೋಣವೆಂದರೆ ಅದು ಡೀಸೆಲ್ಲಿನದು. ಹಾಗಾಗಿ ಪಂಪಿನಿಂದಲೇ ಕ್ಯಾನು ತುಂಬಿಸಿ, ಟ್ಯಾಂಕಿನ ಬಾಯಿಗೆ ಸುರಿದು, ಬೆವರು ಒರೆಸಿಕೊಂಡ.

ಎವ್ಲಾಲಿಯಾ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು.

"ಅಳಿಯಂದ್ರೇ, ಎಲ್ಲಿಂದ ತೆಗೆದ್ರಿ?"

"ಟ್ಯಾಂಕಿಂದ, ಅತ್ತೆ."

"ಎಲ್ಲಿಗೆ ಹಾಕಿದ್ರಿ?"

ರೊಹೇಲಿಯೊ ಖಾಲಿ ಕ್ಯಾನನ್ನು ಮರಳಿಗೆ ಎಸೆದ. ಬಂಕು ದೂರ, ಪೆಟ್ರೋಲೆಲ್ಲ ದಿಬ್ಬದಾಚೆ. ಟ್ರೈಲರ್ ಕೈಬಿಟ್ಟು ಹೋಯಿತೆಂದು ಅವನಿಗೆ ನಿಜಕ್ಕೂ ಅಳು ಬಂತು. ಮಕ್ಕಳು ದೊಡ್ಡವರಾದ ಮೇಲೆ ಮರಿತ್ಸಾ ಮನಸಾರೆ ನಕ್ಕದ್ದು ಈ ಮರಳಿನಲ್ಲೇ.

"ಗೆದ್ದುಬಿಟ್ರಲ್ಲ, ಅತ್ತೆ. ಮಾರ್ತೀನಿ."

ಎವ್ಲಾಲಿಯಾ ನಗಬೇಕಿತ್ತು, ನಗಲಿಲ್ಲ. ಒಲೆಯ ಮುಚ್ಚಳ ಎತ್ತಿ ಇಣುಕಿದಳು. ಟರ್ಕಿ ಅರೆಬೆಂದು ಬೆಳ್ಳಗೆ ಮಲಗಿತ್ತು. ಅವಳೇ ಡೇರೆ ಡೇರೆಗೂ ಹೋಗಿ ಎಲ್ಲರನ್ನೂ ಊಟಕ್ಕೆ ಕರೆದು ಬಂದಿದ್ದಳು.

"ಹಸಿ ಕೋಳಿ ಬಡಿಸಿದಳು ಅಂತ ನಮ್ಮ ಬ್ರಾಲಿ ಊರೆಲ್ಲ ಆಡ್ಕೊಳ್ಳುತ್ತೆ! ಮನೇಲಿ ಡಬ್ಬದ ತಳದಲ್ಲಿ ಎಣ್ಣೆ ಉಳಿದ್ರೆ ಏನ್ ಮಾಡ್ತೀಯೋ ದಡ್ಡಾ?"

"ವಾಲಿಸ್ತೀನಿ…"

"ಮತ್ತೆ ನನ್ನ ಮುಖ ಏನ್ ನೋಡ್ತೀಯಾ? ವಾಲಿಸು!"

ಅವನು ಟ್ರೈಲರಿನ ಹಿಂದಿನ ಊರುಗಾಲು ಮಡಚಿ, ಮೂತಿಯ ಜ್ಯಾಕು ತಿರುಗಿಸತೊಡಗಿದ. ಟ್ರೈಲರ್ ಮೂತಿ ಎತ್ತಿತು. ಒಳಗೆ ತಟ್ಟೆ, ಲೋಟ, ಕುರ್ಚಿಗಳೆಲ್ಲ ದಡಬಡನೆ ಹಿಂದಕ್ಕೆ ಜಾರಿದವು. ಎವ್ಲಾಲಿಯಾ ಒಲೆಯನ್ನು ಮೊಮ್ಮಗುವಿನಂತೆ ತಬ್ಬಿಕೊಂಡು, "ಇನ್ನೂ ಎತ್ತು! ಇನ್ನೂ!" ಎಂದು ಕಿರುಚುತ್ತಿದ್ದಳು. ಪೆಟ್ರೋಲ್ ಹಿಂದಕ್ಕೆ ಸರಿದು ಕೊಳವೆಯ ಬಾಯಿ ಮುಟ್ಟಿತು. ಜನರೇಟರ್ ಕೆಮ್ಮಿತು, ಗುರ್ರೆಂದಿತು.

ಸಂಜೆ ಬಂದವರೆಲ್ಲ ಇಳಿಜಾರಿನಲ್ಲಿ ಕಾಲೂರಿ, ತಟ್ಟೆ ಭದ್ರವಾಗಿ ಹಿಡಿದು ಉಂಡರು. ಟರ್ಕಿ ಬೆಣ್ಣೆಯಂತೆ ಬೆಂದಿತ್ತು. ಮರಿತ್ಸಾ ನಗುನಗುತ್ತಾ ಅಮ್ಮನನ್ನು ಕೆಣಕಿದಳು: "ಸೋತೆಯಲ್ಲಮ್ಮಾ. ಟ್ರೈಲರ್ ಮಾರೋದಾ, ಬೇಡ್ವಾ?"

"ಟ್ರೈಲರ್ ಇರ್ಲಿ," ಎಂದಳು ಎವ್ಲಾಲಿಯಾ. "ಇವನನ್ನ ಕೊಳ್ಳೋರಿದ್ರೆ ನೋಡು."

ಹಾಗೆನ್ನುತ್ತಲೇ ದೊಡ್ಡ ಕಾಲೊಂದನ್ನು ಮುರಿದು ಅಳಿಯನ ತಟ್ಟೆಗೆ ಹಾಕಿ, ಜಾರದಂತೆ ಬೆರಳಿನಿಂದ ಒತ್ತಿ ಹಿಡಿದಳು.