ಗೋಡೆಯಾಚೆ ಎರಡು ಕಡ್ಡಿ

ಕಣ್ಣಿಗೆ ಬಿದ್ದದ್ದು ಸುಣ್ಣ, ಮೂಗಿಗೆ ಬಂದದ್ದು ಮೆಸ್ಸಿನ ಒಗ್ಗರಣೆ, ಏಣಿಯ ಏಳನೇ ಮೆಟ್ಟಿಲ ಮೇಲೆ ನಿಂತ ಸಿದ್ಧೇಶ್ವರ ಒಂದು ಕಣ್ಣು ಮುಚ್ಚಿಕೊಂಡು ಇನ್ನೊಂದರಿಂದ ಚಾವಣಿ ನೋಡುತ್ತಾನೆ, ಅಲ್ಲಿ ತಾನೇ ಐದು ದಿನದ ಹಿಂದೆ ಕೂರಿಸಿದ ಬಿಳಿ ವೈಫೈ ಡಬ್ಬಿ, ನಡುವೆ ನೀಲಿ ದೀಪ, ಏನೂ ತಪ್ಪು ಮಾಡದವರ ಹಾಗೆ ತಣ್ಣಗೆ ಉರಿಯುತ್ತಿದೆ — ತಪ್ಪು ಅದರದ್ದಲ್ಲವಲ್ಲ, ಈ ಬಾಯಿಯದು, ಸಾಂಗ್ಲಿ ಪೇಟೆಯಲ್ಲಿ ಅರಿಶಿಣ ಮಾರುತ್ತಿದ್ದ ಅಪ್ಪ ಗುರುಸಿದ್ಧಪ್ಪ ಹೇಳುತ್ತಲೇ ಸತ್ತ, ಅರಿಶಿಣ ತೂಗಿ ಕೊಡತೀವಿ, ನೀ ಮಾತು ತೂಗದ ಕೊಡತೀಯಲ್ಲೋ — ಮಿರಜದ ಈ ಯುನಿವರ್ಸಿಟಿ ಹಾಸ್ಟೆಲಿನಲ್ಲಿ ಮೂವತ್ತಾರು ಖೋಲಿ, ಒಂಬತ್ತು ಡಬ್ಬಿ, ಯಾವುದನ್ನು ಎಲ್ಲಿ ಕೂರಿಸಬೇಕೆಂದು ನಕ್ಷೆ ಬರೆಯುವುದು ಅವನ ಕೆಲಸ, ನಕ್ಷೆ ಚಂದ ಬಂದಿತ್ತು, ಆದರೆ ಟ್ರಸ್ಟಿ ಧನಪಾಲ ಸಾಹೇಬರು ಕನ್ನಡಕ ಏರಿಸಿ ಕೇಳಿದ್ದರು, ಇದು ಕಂಪೌಂಡ್ ದಾಟಿ ಹೊರಗ ಹೋಗತೈತೇನು, ಹೊರಗ ದವಾಖಾನಿ ಮಂದಿ ಕುಂತಿರತಾರ — ಸ್ವಲ್ಪ ಹೋಗತೈತ್ರಿ ಅಂದಿದ್ದರೆ ಮುಗಿಯುತ್ತಿತ್ತು, ಅಂದದ್ದೇನು, ಸಾಹೇಬ್ರ, ನಾ ಹಚ್ಚಿದ ಸಿಗ್ನಲ್ ಅಂದ್ರ ಕಟ್ಟಿದ ಎತ್ತು, ಗೂಟ ದಾಟೂದಿಲ್ಲ, ಅಷ್ಟಕ್ಕೂ ನಿಲ್ಲಲಿಲ್ಲ, ಕವಲಾಪುರದ ದ್ರಾಕ್ಷಿ ತೋಟದಾಗ ಎಷ್ಟು ಅಳತಿ ಮಾಡಿ ಹಚ್ಚೇನಿ ಅಂದ್ರ, ಬದುವಿನ ಮ್ಯಾಲ ನಿಂತು ಫೋನ್ ಮಾಡಿದ ಬಾಜೂ ತೋಟದವಗ ಬೀಗತಿ ಮಾರಿ ಅರ್ಧಾನ ಕಾಣತಿತ್ತು, ಉಳಿದರ್ಧಾ ನೋಡಾಕ ದಿನಾ ಇವರ ತೋಟಕ್ಕ ಬಂದು ಕುಂದ್ರತಿದ್ದ — ಸಭೆಯೆಲ್ಲ ನಕ್ಕಿತು, ಸಾಹೇಬರು ನಗಲಿಲ್ಲ, ವಹಿ ತೆಗೆದು ಬರೆದುಕೊಂಡರು, ಸುಳ್ಳು ಕೇಳಿ ನಗುವವರಿಂದ ಭಯವಿಲ್ಲ, ಬರೆದುಕೊಳ್ಳುವವರಿಂದಲೇ ಭಯ.

ಕಾಯ್ ರೇ ಸಿದ್ಧೇಶ್ವರ, ಏಣಿ ಮ್ಯಾಲ ಸಂಸಾರ ಹೂಡಿಯೇನು, ಕೆಳಗಿನಿಂದ ಅದೇ ಸಾಹೇಬರ ದನಿ, ಕೈಯಲ್ಲಿ ಅದೇ ವಹಿ, ಹೂಂ ರೀ, ತಿರುಪು ಗಟ್ಟಿ ಕುಂತೈತ್ರಿ, ಅಂದ, ತಿರುಪಿಗೇನಾಗಿದೆ, ಬೆಣ್ಣೆಯ ಹಾಗೆ ತಿರುಗುತ್ತದೆ, ಗಟ್ಟಿಯಾಗಿ ಕೂತದ್ದು ಇವನ ಕೈ — ಈ ಕಟ್ಟಡದ ಒಳಗೋಡೆಗಳು ಎರಡಡಿ ದಪ್ಪದ ಕರಿಗಲ್ಲು, ಸಿಗ್ನಲ್ಲು ಹದಿನಾಲ್ಕನೇ ಖೋಲಿಯ ಹುಡುಗರಿಗೆ ಹೋಗು ಅಂದರೆ ಗೋಡೆಗೆ ಹಣೆ ಬಡಿದು ಕೂರುತ್ತದೆ, ಹೊರಗೋಡೆಗೋ ಆಳೆತ್ತರದ ಕಿಟಕಿ, ಹೋಗಬೇಡ ಅಂದ ಕಡೆಗೇ ಹಬ್ಬಕ್ಕೆ ಹೊರಟ ಹಾಗೆ ಹೊರಡುತ್ತದೆ, ಪವರ್ ಇಳಿಸಿ ನೋಡಿದ, ಹುಡುಗರದು ಸತ್ತಿತು, ಹೊರಗಿನದು ಬದುಕಿತು, ಮೆಸ್ಸಿನ ಪರಾತವನ್ನು ಡಬ್ಬಿಯ ಬೆನ್ನಿಗೆ ಕಟ್ಟಿ ನೋಡಿದ, ಅಡುಗೆಯವ ಬಂದು ಹಿಟ್ಟು ನಾದಲು ಬೇಕೆಂದು ಒಯ್ದ, ಉಳಿದದ್ದು ಒಂದೇ ದಾರಿ, ಈ ಮೂಲೆಯಿಂದ ಕಿತ್ತು ಒಳಗಿನ ಪಡಸಾಲೆಗೆ ಹಾಕುವುದು, ಎರಡು ನಿಮಿಷದ ಕೆಲಸ, ಅರ್ಧ ತಾಸಿನಿಂದ ಮಾಡುತ್ತಿದ್ದಾನೆ, ಯಾಕೆಂದರೆ ಕಿಟಕಿಯಾಚೆ, ಕಂಪೌಂಡಿನ ಆಚೆ, ಸಂಜೆ ಐದೂವರೆಯ ಬಿಸಿಲಿನಲ್ಲಿ, ದವಾಖಾನೆಯ ಗಾಲಿಕುರ್ಚಿ ಬಂದು ನಿಂತಿದೆ, ಕುರ್ಚಿಯಲ್ಲಿ ಧೋಂಡಪ್ಪ, ಪಕ್ಕದಲ್ಲಿ ಮುತ್ತವ್ವ, ಬುತ್ತಿಯ ಡಬ್ಬಿ ಮಡಿಲಲ್ಲಿ.

ಅವರನ್ನು ಇಲ್ಲಿಗೆ ಕರೆದವನೂ ತಾನೇ, ಮೊದಲ ದಿನ ಹೊರಗೆ ಎಷ್ಟು ಹೋಗುತ್ತದೆಂದು ಅಳೆಯಬೇಕಿತ್ತು, ಒಳಗೂ ಹೊರಗೂ ಒಟ್ಟಿಗೆ ನಿಲ್ಲಲು ತಾನೇನು ದೇವರೇ, ಗೋಡೆಗೆ ಒರಗಿ ಕೂತಿದ್ದ ಮುದುಕಿಯ ಫೋನು ಇಸಿದುಕೊಂಡು ಜೋಡಿಸಿ ಕೊಟ್ಟ, ಪಾಸ್‌ವರ್ಡು ಒಂದರಿಂದ ಎಂಟು, ಅವ್ವಾ, ಸಿಗ್ನಲ್ ಕಡ್ಡಿ ಎಷ್ಟು ಕಾಣಾಕತ್ತಾವ, ಎರಡು ಅದಾವ ತಮ್ಮಾ, ಕಡ್ಡಿ ಬಂದ್ರ ಏನ್ ಬರತೈತಿ, ಎಲ್ಲಾ ಬರತೈತಿ ಅವ್ವಾ, ನಿಮ್ಮ ಊರ ಬರತೈತಿ — ಬಂದೇ ಬಿಟ್ಟಿತು, ಜತ್ತದ ಕಡೆಯ ಊರು, ಮೊಮ್ಮಗಳು ಯೋಗಿತಾ ವಿಡಿಯೋ ಕಾಲಿನಲ್ಲಿ ಫೋನು ಎತ್ತಿ ತೋರಿಸಿದ್ದು, ಹಟ್ಟಿಗೆ ಬರುತ್ತಿದ್ದ ಕುರಿಹಿಂಡು, ಮುತ್ತವ್ವ ಓಡಿಹೋಗಿ ಗಂಡನನ್ನು ಕುರ್ಚಿ ಸಮೇತ ತಳ್ಳಿಕೊಂಡು ಬಂದಳು, ಹೊಟ್ಟೆ ಕೊಯ್ಸಿಕೊಂಡು ಮಲಗಿದವನು ಹತ್ತು ದಿನದಿಂದ ರಾತ್ರಿಯೂಟ ಮುಟ್ಟಿರಲಿಲ್ಲವಂತೆ, ಹಿಂಡು ಹಟ್ಟಿ ಸೇರಿದ್ದು ಕಣ್ಣಾರೆ ಕಂಡ ಮೇಲೇ ತುತ್ತು ಎತ್ತಬೇಕು, ಅವನಪ್ಪನೂ ಹಾಗೇ, ಅಜ್ಜನೂ ಹಾಗೇ, ಈ ಗಲ್ಲಿಯ ಮೊಬೈಲ್ ನೆಟ್‌ವರ್ಕು ಮಾತಿಗಷ್ಟೇ ಸಾಕು, ಚಿತ್ರಕ್ಕೆ ಸಾಲದು, ಎಲ್ಲಾ ಬಂದಾವ ಅಜ್ಜಾ ಎಂದು ಯೋಗಿತಾ ದಿನಾ ಹೇಳುತ್ತಿದ್ದಳು, ಮುದುಕನದು ಒಂದೇ ಮಾತು, ಬಾಯಿಲೆ ಹೇಳಿದ ಕುರಿ ಹಟ್ಯಾಗ ಮಲಗೂದಿಲ್ಲ, ಸಿಸ್ಟರ್ ಬೈದಳು, ಅಜ್ಜಾ, ಉಣ್ಣಲಿಲ್ಲಂದ್ರ ಗಾಯ ಕೂಡೂದಿಲ್ಲ, ಮತ್ತ ಕೊಯ್ಯೂದ ಬರತೈತಿ, ಕೊಯ್ರಿ ಅಂದನಂತೆ — ಆ ಸಂಜೆ ಕಡೆಯ ಮರಿ ಒಳಗೆ ಹೋದದ್ದೇ ತಡ, ಬಾಯಿ ತೆರೆದ, ಎರಡು ರೊಟ್ಟಿ, ಮುತ್ತವ್ವ ಸಿದ್ಧೇಶ್ವರನಿಗೂ ಒಂದು ಕೊಟ್ಟಳು, ಶೇಂಗಾ ಹಿಂಡಿ ಹಚ್ಚಿ, ತಮ್ಮಾ ನೀ ಡಾಕ್ಟರ್ ಅದೀಯೇನು, ಹೂಂ ಅವ್ವಾ, ಗ್ವಾಡಿ ಡಾಕ್ಟರ್ — ನಾಲ್ಕು ದಿನ ಹೀಗೇ ನಡೆಯಿತು, ಆದರೆ ಉಂಡ ಸುದ್ದಿ ಮುಚ್ಚಿಡುವ ಹೆಂಗಸಲ್ಲ ಅವಳು, ವಾರ್ಡಿಗೆಲ್ಲ ಹೇಳಿದಳು, ಒಂದರಿಂದ ಎಂಟು ಎಣಿಸಲು ಯಾರಿಗೆ ಬರುವುದಿಲ್ಲ, ನಿನ್ನೆ ಗೋಡೆಗೆ ಆತು ಹದಿನೇಳು ಮಂದಿ, ಸಾಹೇಬರು ಕಾರಿನಿಂದ ಇಳಿದು ಎಣಿಸಿದರು.

ಅವನೊಬ್ಬನಿಗೆ ಇರ್ಲಿ ಸಾಹೇಬ್ರ, ಮುದುಕ ಅದಾನ, ಬೆಳಿಗ್ಗೆಯೇ ಕೇಳಿದ್ದ, ಸಾಹೇಬರು ಕೆಟ್ಟವರಲ್ಲ, ಅದೇ ಕಷ್ಟ, ಕೆಟ್ಟವರಾಗಿದ್ದರೆ ಜಗಳವಾಡಬಹುದಿತ್ತು, ಇವತ್ತ ಒಬ್ಬ ಮುದುಕ, ನಾಳೆ ಪೂರಾ ದವಾಖಾನಿ, ನನ್ನ ಹುಡುಗ್ರು ಏನ್ ಮಾಡಬೇಕು, ಮತ್ತ ನೀನ ಹೇಳೀಯಲ್ಲ, ಬರದೀನಿ ನೋಡು, ವಹಿಯನ್ನೇ ಮುಂದೆ ಹಿಡಿದರು, ಕವಲಾಪುರ, ಬೀಗತಿ, ಅರ್ಧ ಮುಖ, ಎಲ್ಲ ಇತ್ತು — ಈಗ ಏಣಿಯ ಮೇಲೆ ಇನ್ನೊಂದು ಐದು ನಿಮಿಷ ತಡೆದರೆ ಹಿಂಡು ಒಳಗೆ ಹೋಗುತ್ತದೆ, ಸಾಹೇಬ್ರ, ಇದರಾಗ ಕರೆಂಟ್ ಇಳಿಯೂತನಕಾ ಮುಟ್ಟಬಾರದ್ರಿ, ಸಾಂಗ್ಲ್ಯಾಗ ಒಬ್ಬ ಮುಟ್ಟಿದ್ದ, ಮೂರು ದಿನ ಅವನ ಹಲ್ಲಿನಾಗ ರೇಡಿಯೋದ ಮರಾಠಿ ಬಾತಮಿ ಕೇಳತಿದ್ದು — ಸಾಹೇಬರು ಪೆನ್ನು ತೆಗೆದರು, ಬೇಡ, ಬರೀಬ್ಯಾಡ್ರಿ, ಬರೀಬ್ಯಾಡ್ರಿ, ತೆಗೀತೀನ್ರಿ, ಕೈ ತಾನಾಗಿ ವೈರಿಗೆ ಹೋಯಿತು, ಬೆರಳು ಒತ್ತಿತು, ಟಕ್, ನೀಲಿ ದೀಪ ಹೋಯಿತು, ಇಷ್ಟೇ ಸಣ್ಣ ಸದ್ದು, ಉಗುರು ಕತ್ತರಿಸಿದಷ್ಟು.

ಬಾ, ಹೊರಗ ನೋಡೂಣ, ಸಾಹೇಬರು ಮುಂದೆ, ಇವನು ಹಿಂದೆ, ಗೇಟು ದಾಟಿ, ಗೋಡೆಗುಂಟ, ಅವರು ತಮ್ಮ ಫೋನು ಎತ್ತಿ ನೋಡುತ್ತಾರೆ, ಝಾಲ, ಮುಗೀತು, ಏನೂ ಬರೂದಿಲ್ಲ, ಛಲೋ ಆತು, ಡಬ್ಬಿ ಇನ್ನು ಒಳಗಿನ ಪಡಸಾಲೆಗೆ ಎಂದು ಬರೆದ ಕಾಗದಕ್ಕೆ ಸಹಿ ಮಾಡಿ ಇವನ ಕಿಸೆಗಿಟ್ಟು ಬೆನ್ನು ತಟ್ಟಿ ಹೋಗುತ್ತಾರೆ, ಮತ್ತು ಅಲ್ಲಿ ಧೋಂಡಪ್ಪನ ಕೈಯಲ್ಲಿ ಫೋನು, ಫೋನಿನಲ್ಲಿ ಹಟ್ಟಿಯ ಬಾಗಿಲು, ಬಾಗಿಲಲ್ಲಿ ಕರಿ ಟಗರು, ಬಲಮುಂಗಾಲು ಎತ್ತಿದ್ದು ಎತ್ತಿದಂತೆಯೇ ನಿಂತಿದೆ, ಅದರ ಹಿಂದೆ ಧೂಳು ಕೂಡ ನಿಂತಿದೆ — ಹಾವ ನೋಡೇತಿ, ಮುದುಕ ಅನ್ನುತ್ತಾನೆ, ಹಾವ ಕಂಡ್ರನ ಹಿಂಗ ನಿಂದರತೈತಿ, ಯೋಗಿತಾ, ಹಿಂದಕ ಸರಿಯವ್ವಾ, ಸರೀ, ಫೋನಿಗೆ ಬಾಯಿಟ್ಟು ಕೂಗುತ್ತಾನೆ, ಕೂಗಿದರೆ ಹೊಲಿಗೆ ಬಿಚ್ಚುತ್ತದೆ, ಕಾಕಾ, ಕೂಗಬ್ಯಾಡ್ರಿ, ಹಾವಿಲ್ಲ ಏನಿಲ್ಲ, ಸಿದ್ಧೇಶ್ವರ ತನ್ನ ಫೋನಿನಿಂದ ಯೋಗಿತಾಗೆ ಹಚ್ಚಿ ಅವನ ಕಿವಿಗೆ ಹಿಡಿಯುತ್ತಾನೆ, ಅಜ್ಜಾ, ಸಗಳೆ ಆತ್ ಆಲೆ, ಎಲ್ಲಾ ಒಳಗ ಬಂದಾವ, ನೀ ಉಣ್ಣು — ಸುಳ್ಳ, ಇಲ್ಲೇ ನಿಂತೈತಲ್ಲ, ಕಾಲ ಎತ್ತಿ ನಿಂತೈತಿ, ನನಗ ಕಣ್ಣಿಲ್ಲೇನು — ಕಾಕಾ, ಅದು ಹಳೇದು, ಚಿತ್ರ ಅಷ್ಟ, ಚಿತ್ರ ಅಲ್ಲೇ ಸಿಕ್ಕೈತಿ, ಟಗರು ಹೋಗೇತಿ, ಜನ್ಮದಲ್ಲಿ ಮೊದಲ ಸಲ ಬಾಯಿಂದ ನಿಜ ಬರುತ್ತಿದೆ, ಅದನ್ನು ಹೇಗೆ ಹೇಳಿದರೆ ನಂಬುತ್ತಾರೆಂದು ಗೊತ್ತಿಲ್ಲ, ಮುದುಕ ಇವನ ಕಡೆ ತಿರುಗುವುದೇ ಇಲ್ಲ, ಮುತ್ತವ್ವ ಬುತ್ತಿಯ ಮುಚ್ಚಳದ ಮೇಲೆ ಕೈಯಿಟ್ಟು ಕೂತಿದ್ದಾಳೆ, ತಮ್ಮಾ, ಅದು ಕಾಲ ಯಾವಾಗ ಇಡತೈತಿ — ಇಡತೈತಿ ಅವ್ವಾ, ಈಗ ಇಡತೈತಿ, ವೈಫೈ ಡಬ್ಬಿಯನ್ನು ಮತ್ತೆ ಆ ಮೂಲೆಗೇ ಹಾಕಿದರೆ, ಕಾಗದದ ಮೇಲೆ ಸಹಿ, ಒಳಗಿನ ಪಡಸಾಲೆ, ಕರಿಗಲ್ಲು, ಈಗ ಇಡತೈತಿ, ನೆಲಕ್ಕೆ ಇನ್ನು ನಾಲ್ಕು ಬೆರಳು, ಗೊರಸಿಗೆ ಹತ್ತಿದ ಕೆಮ್ಮಣ್ಣು ಕೂಡ ಕಾಣುತ್ತದೆ, ನಾಲ್ಕು ಬೆರಳು, ಕಾಲು ಎತ್ತಿದೆ, ಎತ್ತಿದ ಕಾಲು —