ವಿವರವಾದ ಪ್ರಾರ್ಥನೆ

ವಿಶ್ವವಿದ್ಯಾಲಯದ ಕ್ರೈಸ್ತ ವಿದ್ಯಾರ್ಥಿಗಳ ಕೂಟವನ್ನು ನಡೆಸುತ್ತಿದ್ದ ಮಿಸ್‌ಗೆ ಹುಡುಗರು ಬೆನ್ನ ಹಿಂದೆ ಇಟ್ಟಿದ್ದ ಹೆಸರು ತಾಯಿಕೋಳಿ. ಹಾಸ್ಟೆಲಿಗೆ ಹೊಸದಾಗಿ ಬಂದು ಮೂಲೆಯಲ್ಲಿ ಕೂತು ಅಳುವ ಮರಿ ಕಂಡರೆ ಸಾಕು, ರೆಕ್ಕೆಯಡಿಗೆ ಎಳೆದುಕೊಳ್ಳುವ ಹೆಂಗಸು. ಪುಟ್ಟಿಯೂ ಹಾಗೆ ಸಿಕ್ಕವಳೇ. ರಸಾಯನಶಾಸ್ತ್ರದ ಎರಡನೇ ವರ್ಷ. ಗಿಟಾರ್ ಹಿಡಿದರೆ ಇಡೀ ಕೂಟ ತಲೆದೂಗುತ್ತಿತ್ತು. ಮನೆಯ ವಿಷಯ ಬಂದರೆ ಮಾತ್ರ ಬಾಯಿಗೆ ಬೀಗ.

ಬೀಗಕ್ಕೆ ಕಾರಣವಿತ್ತು. ಅವಳ ಅಕ್ಕ ಗಂಡನನ್ನು ಬಿಟ್ಟು ಓಡಿಬಂದಿದ್ದಳು. ಭಾವ ಚರ್ಚಿನಲ್ಲಿ ಹಾಡಲು ನಿಂತರೆ ಮುದುಕಿಯರು ಕಣ್ಣೊರೆಸಿಕೊಳ್ಳುತ್ತಿದ್ದರು. ಮನೆಗೆ ಬಂದಮೇಲೆ ಕಣ್ಣೊರೆಸಿಕೊಳ್ಳುವ ಸರದಿ ಅಕ್ಕನದು. ಎರಡನೇ ಸಲ ಕೈ ಮುರಿದಾಗ ಅವಳು ಉಟ್ಟ ಬಟ್ಟೆಯಲ್ಲೇ ಹೊರಟುಬಂದು, ಬಸ್ ಡಿಪೋ ಹಿಂದಿನ ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವ ಕೆಲಸ ಹಿಡಿದು, ಅದರ ಮಹಡಿಯ ಕೋಣೆಯಲ್ಲೇ ಇದ್ದಳು. ಇದು ಗೊತ್ತಿದ್ದುದು ಪುಟ್ಟಿಗೊಬ್ಬಳಿಗೇ. ಅಮ್ಮನಿಗೂ ಹೇಳಿರಲಿಲ್ಲ. ಅಳಿಯ ಬಂದು ಎರಡು ಹನಿ ಕಣ್ಣೀರು ಹಾಕಿದರೆ ಅಮ್ಮ ಕರಗಿಬಿಡುತ್ತಾಳೆ ಎಂಬುದು ಮಕ್ಕಳಿಬ್ಬರಿಗೂ ಗೊತ್ತಿತ್ತು.

ಆದರೆ ಗುಟ್ಟು ಹೊಟ್ಟೆಯಲ್ಲಿಟ್ಟುಕೊಂಡು ಎಷ್ಟು ದಿನ ನಗುತ್ತಾ ಹಾಡುವುದು? ಕ್ಯಾಂಟೀನಿನ ಹಿಂದಿನ ಕಲ್ಲುಬೆಂಚಿನ ಮೇಲೆ ಒಂದು ಮಧ್ಯಾಹ್ನ ಅವಳು ಎಲ್ಲವನ್ನೂ ತಾಯಿಕೋಳಿಯ ಮುಂದೆ ಸುರಿದುಬಿಟ್ಟಳು.

"ಎಲ್ಲಿದ್ದಾಳೆ ಅಂತ ಹೇಳಮ್ಮ," ಎಂದರು ಮಿಸ್. "ಸುಮ್ಮನೆ 'ಕಾಪಾಡಪ್ಪಾ' ಅಂದ್ರೆ ಆಗಲ್ಲ. ಪ್ರಾರ್ಥನೆ ವಿವರವಾಗಿರಬೇಕು. ನಾನು, ನೀನು, ದೇವರು. ನಾಲ್ಕನೆಯವರ ಕಿವಿಗೆ ಬೀಳಲ್ಲ."

ಪುಟ್ಟಿ ಹೇಳಿದಳು. ಹೇಳಿ ಹಗುರಾದಳು. ಅಂದು ಸಂಜೆ ಹಸಿವಾಗಿ ಎರಡು ಸಲ ಬಡಿಸಿಕೊಂಡು ತಿಂದಳು ಕೂಡ, ಪಾಪ.

ಶುಕ್ರವಾರ ಕ್ಲಾಸು ಮುಗಿದ ಮೇಲೆ ಭೌತಶಾಸ್ತ್ರದ ಖಾಲಿ ಕೋಣೆಯಲ್ಲಿ ಕೂಟ. ಬೆಂಚುಗಳನ್ನು ಗೋಡೆಗೆ ತಳ್ಳಿ ಎಲ್ಲರೂ ದುಂಡಗೆ ನಿಂತು, ಕೈ ಕೈ ಹಿಡಿದು, ಕಣ್ಣು ಮುಚ್ಚುವುದು ಅಲ್ಲಿಯ ಪದ್ಧತಿ. ಒಬ್ಬರ ಪ್ರಾರ್ಥನೆ ಮುಗಿದರೆ ಪಕ್ಕದವರ ಕೈ ಅದುಮಬೇಕು. ಆಗ ಅವರ ಸರದಿ. ಪುಟ್ಟಿಯ ಎಡಗೈ ತಾಯಿಕೋಳಿಯ ಕೈಯಲ್ಲಿತ್ತು.

"ಕರ್ತನೇ," ಎಂದು ಮಿಸ್ ಶುರುಮಾಡಿದರು, ಅದೂ ಮನಃಪೂರ್ವಕವಾಗಿ. "ನಮ್ಮ ಪುಟ್ಟಿಯ ಅಕ್ಕನನ್ನು ನೋಡು. ಡಿಪೋ ಹಿಂದಿನ ಬೇಕರಿಯ ಮಹಡಿಯಲ್ಲಿ, ಒಂದು ಕಿಟಕಿಯ ಕೋಣೆಯಲ್ಲಿ ಒಂಟಿಯಾಗಿ ಅಳುತ್ತಿದ್ದಾಳೆ. ನಿನ್ನನ್ನೇ ಹಾಡಿ ಹೊಗಳುವ ಅವಳ ಗಂಡನ ಮನಸ್ಸು ತಿರುಗಿಸು. ಒಡೆದ ಮನೆಯನ್ನು ಕೂಡಿಸು."

"ಆಮೆನ್, ಆಮೆನ್," ಎಂದಿತು ಸುತ್ತ ನಿಂತ ಗುಂಪು. ಪುಟ್ಟಿ ಕಣ್ಣು ತೆರೆದಳು. ಉಳಿದವರೆಲ್ಲರ ಕಣ್ಣು ಭಕ್ತಿಯಿಂದ ಮುಚ್ಚಿದ್ದವು. ಕಿವಿ ಮುಚ್ಚಿಕೊಂಡವರು ಒಬ್ಬರೂ ಇರಲಿಲ್ಲ. ತಾಯಿಕೋಳಿ ಪ್ರೀತಿಯಿಂದ ಅವಳ ಕೈ ಅದುಮಿದರು. ಈಗ ಪುಟ್ಟಿಯ ಸರದಿ. ಅಭ್ಯಾಸಬಲದಿಂದ ಪಕ್ಕದವಳ ಕೈ ಅದುಮಿದಳು, ಅಷ್ಟೆ.

ಹೊರಗೆ ಬಂದು ಕೇಳಿದಳು, "ಯಾರಿಗೂ ಹೇಳಲ್ಲ ಅಂದಿದ್ರಿ, ಮಿಸ್."

"ನಾನು ಯಾರಿಗೆ ಹೇಳ್ದೆ?" ಅವರು ನಿಜಕ್ಕೂ ಬೆರಗಾಗಿದ್ದರು. "ದೇವರಿಗೆ ತಾನೆ ಹೇಳಿದ್ದು?"

ಪುಟ್ಟಿ ಓಡಿಹೋಗಿ ಅಕ್ಕನಿಗೆ ಫೋನು ಹಚ್ಚಬೇಕಿತ್ತು. ಹಚ್ಚಲಿಲ್ಲ. ಬೈಗುಳದ ಭಯ. ಇವರೆಲ್ಲ ನಮ್ಮವರೇ, ಏನೂ ಆಗಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಮಲಗಿದಳು.

ಮಾರನೆಯ ದಿನ ಬೇಕರಿಗೆ ಒಬ್ಬ ಗಿರಾಕಿ ಬಂದು ಒಂದು ಕೇಕು ಹೇಳಿದ. ಕ್ರೀಮು ತುಂಬಿದ ಚೀಲ ಹಿಡಿದು ಕಾಯುತ್ತಿದ್ದ ಅಕ್ಕನಿಗೆ, ಯಾವ ಹೆಸರು ಬರೆಯಬೇಕೆಂದು ಮಾಲೀಕ ಒಳಗೆ ಕೂಗಿ ಹೇಳಿದ. ಹೆಸರು ಅವಳದೇ. ಅವಳು ಚೀಲ ಕೆಳಗಿಟ್ಟು, ಮೈದಾ ಮೂಟೆಗಳ ಪಕ್ಕದ ಹಿಂಬಾಗಿಲಿನಿಂದ ಹೊರಬಿದ್ದಳು.

ಭಾನುವಾರ ಬೇಕರಿಗೆ ಹೋದ ಪುಟ್ಟಿಗೆ ಮಾಲೀಕ ಇದನ್ನೆಲ್ಲ ಹೇಳಿದ. ಭಾವನಿಗೆ ಹೇಳಿದವನನ್ನು ಹುಡುಕಬೇಕಾಗಲೇ ಇಲ್ಲ. ಕೂಟದಲ್ಲಿ ಸ್ಪೀಕರ್ ಜೋಡಿಸುವ, ಎಲ್ಲರೂ ಸ್ಪೀಕರಣ್ಣ ಎಂದು ಕರೆಯುವ ಹುಡುಗ ಸೋಮವಾರ ಲೈಬ್ರರಿ ಮೆಟ್ಟಿಲ ಮೇಲೆ ಮುಖ ಅರಳಿಸಿಕೊಂಡು ತಾನೇ ಎದುರಾದ.

"ನಿಮ್ಮ ಭಾವ ನಮ್ಮ ಚರ್ಚಲ್ಲೇ ಹಾಡೋದು ಕಣೇ! ಅವತ್ತೇ ಹೋಗಿ ಹೇಳ್ದೆ. ಮಗು ಥರ ಅತ್ರು ಗೊತ್ತಾ? ಮಿಸ್ ಮಾಡಿದ ಪ್ರಾರ್ಥನೆಗೆ ನಾನೇ ಉತ್ತರ ಅನ್ನಿಸ್ತು. ಇಬ್ರೂ ಒಂದಾದ್ರಾ?"

ಪುಟ್ಟಿಗೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ದ್ವೇಷದಿಂದ ಮಾಡಿದ್ದರೆ ಬಾರಿಸಿಯೂ ಬಿಡುತ್ತಿದ್ದಳು. ಕೈಯಲ್ಲಿದ್ದ ಗಿಟಾರನ್ನು ಅವನ ಕೈಗಿತ್ತು, "ಇದು ಕೂಟದ್ದು, ಮಿಸ್‌ಗೆ ಕೊಟ್ಬಿಡು," ಎಂದು ಮೆಟ್ಟಿಲಿಳಿದಳು.

ಅಕ್ಕನ ಫೋನು ಬಂದದ್ದು ವಾರ ಕಳೆದ ಮೇಲೆ, ಬೇರೆ ಯಾರದೋ ನಂಬರಿನಿಂದ. ಪುಟ್ಟಿ ಅಳುತ್ತಾ ಎಲ್ಲವನ್ನೂ ಒಪ್ಪಿಸಿದಳು. ಅಕ್ಕ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ನಾನು ಆರಾಮಾಗಿದ್ದೀನಿ. ನೀನು ಸರಿಯಾಗಿ ಊಟ ಮಾಡು."

"ಈಗ ಎಲ್ಲಿದ್ದೀಯಕ್ಕಾ?"

ಆ ಕಡೆ ಯಾರೋ ಬಾಗಿಲು ಹಾಕಿದ ಸದ್ದು. ಆಮೇಲೆ ಅಕ್ಕನ ದನಿ, ಚಿಕ್ಕಂದಿನಲ್ಲಿ ಜಡೆ ಹೆಣೆಯುವಾಗ ಇರುತ್ತಿದ್ದಷ್ಟೇ ಮೆತ್ತಗೆ.

"ನನಗೋಸ್ಕರ ಪ್ರಾರ್ಥನೆ ಮಾಡು, ಪುಟ್ಟಿ. ವಿಳಾಸ ದೇವರಿಗೆ ಗೊತ್ತು."